ಅಮ್ಮನ ಮಂಡಿನೋವು ಊರಿಗೆಲ್ಲ ಗೊತ್ತಾಗಿದ್ದು ಹೇಗೆ?

ಹೋದ ತಿಂಗಳು ನಮ್ಮಮ್ಮ ಫೋನಿನಲ್ಲಿ ಮಂಡಿನೋವಿನ ಬಗ್ಗೆ ಯಾವುದೋ ಪುಟ ತೆರೆದು ಓದಿದರು. ಅಷ್ಟೇ. ಸಂಜೆಯಿಂದ ಎಲ್ಲಿ ನೋಡಿದರೂ ಎಣ್ಣೆ, ಪಟ್ಟಿ, ಪುಡಿ. ಮೂರನೇ ದಿನ 'ಒಂದೇ ವಾರದಲ್ಲಿ ಗುಣ' ಎಂಬ ಪುಡಿಗೆ ದುಡ್ಡು ಕಟ್ಟಿದ್ದರು. ಡಾಕ್ಟರ್ ಕೊಟ್ಟ ಮಾತ್ರೆ ಹಾಗೇ ಇತ್ತು. ನನಗೆ ಸಿಟ್ಟು ಬಂದಿದ್ದು ಅಮ್ಮನ ಮೇಲಲ್ಲ.

ಫೋನ್ ಯಾವ ಜಾಲತಾಣ ತೆರೆಯಬೇಕಾದರೂ ಮೊದಲು 'ಈ ಹೆಸರಿನವರ ವಿಳಾಸ ಯಾವುದು?' ಎಂದು ಕೇಳುತ್ತೆ. ಉತ್ತರ ಕೊಡೋದು ಡಿಎನ್‌ಎಸ್. ನೀವು ತೆರೆದಿದ್ದು ಒಂದೇ ಪುಟ. ಆದರೆ ಜಾಹೀರಾತಿನವರದ್ದು, ನಿಮ್ಮನ್ನ ಹಿಂಬಾಲಿಸುವವರದ್ದು ಅಂತ ಇನ್ನೂ ಹಲವು ಹೆಸರುಗಳನ್ನು ಅದು ಸದ್ದಿಲ್ಲದೆ ವಿಚಾರಿಸಿರುತ್ತೆ. ಪೈ-ಹೋಲ್ ಎಂಬ ಉಚಿತ ತಂತ್ರಾಂಶ ಅಂಥ ಹೆಸರುಗಳ ಪಟ್ಟಿ ಇಟ್ಟುಕೊಂಡು 'ಅಂಥವರು ಯಾರೂ ಇಲ್ಲ' ಅಂದುಬಿಡುತ್ತೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಸಾಕು. ರೂಟರಿನ ಡಿಎನ್‌ಎಸ್ ಜಾಗದಲ್ಲಿ ಅದರ ವಿಳಾಸ ಬರೆದರೆ ಮನೆಯ ವೈ-ಫೈಗೆ ಸೇರಿದ ಫೋನು, ಟ್ಯಾಬು, ಟೀವಿಗೆಲ್ಲ ಅದೇ ದ್ವಾರಪಾಲಕ. ಅಷ್ಟು ರಗಳೆ ಬೇಡವಾದರೆ ಆಡ್‌ಗಾರ್ಡ್‌ನ ಉಚಿತ ಡಿಎನ್‌ಎಸ್ 94.140.14.14 ಹಾಕಿದರೂ ನಡೆಯುತ್ತೆ. ಆದರೆ ಆಗ ನಿಮ್ಮ ಪ್ರಶ್ನೆಗಳೆಲ್ಲ ಅವರ ಬಾಗಿಲಿಗೆ ಹೋಗ್ತವೆ, ಗೊತ್ತಿರಲಿ.

ಟೀವಿಗ್ಯಾಕೆ ಕಾವಲು ಅಂತೀರಾ? ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಸ್ಮಾರ್ಟ್ ಟೀವಿಗಳಲ್ಲಿ ಜನ ಏನು ನೋಡ್ತಿದ್ದಾರೆ ಎಂದು ಅವರ ಒಪ್ಪಿಗೆಯಿಲ್ಲದೆ ದಾಖಲಿಸಿತು ಎಂಬ ಆರೋಪ ಬಂತು. 2017ರಲ್ಲಿ ಅದು 22 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ನೀವು ಟೀವಿ ನೋಡ್ತಿದ್ರಿ, ಟೀವಿ ನಿಮ್ಮನ್ನ ನೋಡ್ತಿತ್ತು!

'ಸ್ವಾಮಿ, ನಿಮ್ಮ ಸಂಬಳವೂ ಜಾಹೀರಾತಿನದೇ ಅಲ್ವಾ?' ಅಂತ ಕೇಳಬಹುದು. ಹೌದು. 'ಎಲ್ಲೂ ಹೋಗಬೇಡಿ' ಅಂತ ಬ್ರೇಕ್‌ಗೆ ಮುಂಚೆ ದಿನಾ ಹೇಳುವವನು ನಾನೇ. ಆದರೆ ನಮ್ಮ ಚಾನೆಲ್ಲಿನ ಜಾಹೀರಾತು ಊರಿಗೆಲ್ಲ ಒಂದೇ. ಯಾರ ಮಂಡಿ ನೋಯುತ್ತಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ.

ಇದು ರಾಮಬಾಣವೇನಲ್ಲ. ಯೂಟ್ಯೂಬ್ ಜಾಹೀರಾತು ಇದರಿಂದ ನಿಲ್ಲಲ್ಲ. ವಿಡಿಯೊ ಬರುವ ಬಾಗಿಲಿನಿಂದಲೇ ಅದೂ ಬರುತ್ತೆ. ಒಮ್ಮೊಮ್ಮೆ ಬೇಕಾದ ಆ್ಯಪೇ ಮುಷ್ಕರ ಹೂಡುತ್ತೆ, ಆಗ ಅದಕ್ಕೆ ಬೇಕಾದ ಹೆಸರನ್ನು ಪಟ್ಟಿಯಿಂದ ಬಿಡಿಸಬೇಕು. ಮನೆಯಲ್ಲಿ ಅಮ್ಮನ ಫೋನ್ ಈಗ ತಣ್ಣಗಿದೆ. ತರಕಾರಿಗೆಂದು ಬೀದಿಗಿಳಿದರೆ ಮೊಬೈಲ್ ಡೇಟಾ ಶುರು. ಅಲ್ಲಿ ನಮ್ಮ ದ್ವಾರಪಾಲಕ ಇಲ್ಲ. ಮೊನ್ನೆ ಸೊಪ್ಪಿನ ಚೀಲದ ಜೊತೆ ಬಂದವರೇ ಕೇಳಿದರು, "ಆ ಪುಡಿಗೆ ಈಗ ಅರ್ಧ ರೇಟಂತೆ, ನೋಡಿದ್ಯಾ?"