ಟಿವಿಯ ಬೆಕ್ಕು ಮಾತಾಡುತ್ತದೆ, ಮನೆಯ ಬೆಕ್ಕು?



ಸಂಜೆ ಆರು ಗಂಟೆ. ಶಾಲೆಯಿಂದ ಬಂದು ಕೈಕಾಲು ತೊಳೆದುಕೊಂಡು ನೀವು ಟಿವಿ ಮುಂದೆ ಕುಳಿತಿದ್ದೀರಿ ಎಂದುಕೊಳ್ಳೋಣ. ಪರದೆಯ ಮೇಲೆ ಇಲಿಯೊಂದು ಬೆಕ್ಕಿನ ತಲೆಗೆ ಸುತ್ತಿಗೆಯಿಂದ ಹೊಡೆಯುತ್ತಿದೆ. ನಿಮಗೆ ನಗು ತಡೆಯಲಾಗುತ್ತಿಲ್ಲ. ಅದೇ ಹೊತ್ತಿಗೆ ಕೊಟ್ಟಿಗೆಯಿಂದ ಅಜ್ಜಿ ಕೂಗುತ್ತಾಳೆ: "ಗೌರಿ ಮಧ್ಯಾಹ್ನದಿಂದ ಮೆಲುಕು ಹಾಕಿಲ್ಲ ಕಣ್ಮಗಾ. ಮೂತಿನೂ ಒಣಗಿದೆ. ನಿಮ್ಮಪ್ಪನಿಗೆ ಹೇಳು, ಡಾಕ್ಟರನ್ನ ಕರ್ಕೊಂಡು ಬರ್ಲಿ."

ಗೌರಿ ಹಸು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೂ ಅದಕ್ಕೆ ಹುಷಾರಿಲ್ಲ ಎಂದು ಅಜ್ಜಿಗೆ ಹೇಗೆ ತಿಳಿಯಿತು? ಇದರ ಉತ್ತರ ಗೊತ್ತಾದರೆ, ಟಿವಿಯ ಪ್ರಾಣಿಗೂ ಮನೆಯ ಪ್ರಾಣಿಗೂ ಇರುವ ದೊಡ್ಡ ವ್ಯತ್ಯಾಸ ಗೊತ್ತಾದಂತೆ. ಬನ್ನಿ, ನೋಡೋಣ.

ನೋಡಿ ತಿಳಿಯುವ ವಿದ್ಯೆ

ಆರೋಗ್ಯವಾಗಿರುವ ಹಸುವಿನ ಮೂತಿ ಯಾವಾಗಲೂ ಒದ್ದೆಯಾಗಿರುತ್ತದೆ. ಜ್ವರ ಬಂದಾಗ ಒಣಗುತ್ತದೆ. ಹಸು ದಿನಕ್ಕೆ ಸುಮಾರು 7–8 ಗಂಟೆ ಕಾಲ ಮೆಲುಕು ಹಾಕುತ್ತದೆ. ಅದು ನಿಂತುಹೋದರೆ ಹೊಟ್ಟೆಯಲ್ಲೋ ಮೈಯಲ್ಲೋ ಏನೋ ತೊಂದರೆ ಇದೆ ಎಂದರ್ಥ. ಸಗಣಿ ತೀರಾ ನೀರಾಗಿದ್ದರೆ ಅಥವಾ ಗಟ್ಟಿಯಾಗಿದ್ದರೆ, ಕಿವಿ ಜೋತುಬಿದ್ದಿದ್ದರೆ ಅವೂ ಸೂಚನೆಗಳೇ.

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಹಳ್ಳಿಕಾರ್ ಎತ್ತು ಕೊಳ್ಳಲು ಬಂದ ರೈತರು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು – ಹೀಗೆ ವಯಸ್ಸು ಹೇಳುತ್ತಾರೆ. ಆಮೇಲೆ ಗೊರಸು ನೋಡುತ್ತಾರೆ, ನಡೆಸಿ ನೋಡುತ್ತಾರೆ. ಪ್ರಾಣಿ ಮಾತಾಡುವುದಿಲ್ಲ, ಅದರ ಮೈ ಮಾತಾಡುತ್ತದೆ. ಅದನ್ನು ಓದುವುದೇ ಪ್ರಾಣಿ ಸಾಕುವುದರ ಮೊದಲ ಪಾಠ.

ಟಿವಿಯಲ್ಲಿ ಈ ಪಾಠವೇ ಬೇಕಾಗುವುದಿಲ್ಲ. ಅಲ್ಲಿ ಪ್ರಾಣಿಗೆ ಹಸಿವಾದರೆ "ಹಸಿವು" ಎನ್ನುತ್ತದೆ. ಬೇಸರವಾದರೆ ಅಳುತ್ತದೆ. 2009ರಲ್ಲಿ ಮಕ್ಕಳಿಗಾಗಿಯೇ ಕನ್ನಡದ ಚಿಂಟು ಟಿವಿ ಶುರುವಾದ ಮೇಲಂತೂ ದೂರದೇಶದ ಕಾರ್ಟೂನ್ ಪ್ರಾಣಿಗಳೂ ಕನ್ನಡ ಮಾತಾಡಿದವು! ಇದರಲ್ಲಿ ತಪ್ಪೇನೂ ಇಲ್ಲ. ಪಂಚತಂತ್ರದ ಪ್ರಾಣಿಗಳೂ ಮಾತಾಡುತ್ತವಲ್ಲ? ಕಥೆಯನ್ನು ಕಥೆಯಾಗಿ ನೋಡಿ ನಗಬೇಕು. ಆದರೆ ಅದೇ ಕಣ್ಣಿನಿಂದ ಮನೆಯ ನಾಯಿ, ಬೆಕ್ಕನ್ನು ನೋಡಿದರೆ ತೊಂದರೆಯಾಗುತ್ತದೆ. ಅವಕ್ಕೂ ತೊಂದರೆ, ನಮಗೂ ತೊಂದರೆ.

ಸುತ್ತಿಗೆ ಏಟು ಬಿದ್ದ ಮೇಲೆ

'ಟಾಮ್ ಅಂಡ್ ಜೆರ್ರಿ' ಕಾರ್ಟೂನು ಶುರುವಾದದ್ದು 1940ರಲ್ಲಿ, ಅಮೆರಿಕದಲ್ಲಿ. ಟಾಮ್ ಬೆಕ್ಕು ಚಪ್ಪಟೆಯಾಗುತ್ತದೆ, ಸುಟ್ಟು ಕರಕಲಾಗುತ್ತದೆ, ಮರುಕ್ಷಣವೇ ಎದ್ದು ಓಡುತ್ತದೆ. ಏಕೆಂದರೆ ಅದು ಚಿತ್ರ. ಅದಕ್ಕೆ ಮೂಳೆಯಿಲ್ಲ, ನರವಿಲ್ಲ.

ನಿಜವಾದ ಬೆಕ್ಕಿಗೆ ಎರಡೂ ಇವೆ. ಅದರ ಬಾಲವೆಂದರೆ ಬೆನ್ನುಮೂಳೆಯ ಮುಂದುವರಿದ ಭಾಗ. ಜೋರಾಗಿ ಎಳೆದರೆ ಬಾಲದ ಬುಡದ ನರಗಳಿಗೆ ಪೆಟ್ಟಾಗಿ, ಬೆಕ್ಕಿಗೆ ಮಲಮೂತ್ರದ ಮೇಲಿನ ಹಿಡಿತವೇ ತಪ್ಪಿಹೋಗಬಹುದು. ಮುರಿದ ಮೂಳೆ ಕೂಡಲು ಹಲವು ವಾರ ಬೇಕು. ನೋವಾದ ಬೆಕ್ಕು ಅಳುತ್ತ ಹೇಳಿಕೊಳ್ಳುವುದೂ ಇಲ್ಲ. ಮಂಚದ ಕೆಳಗೋ ಅಟ್ಟದ ಮೇಲೋ ಹೋಗಿ ಅಡಗಿ ಕೂರುತ್ತದೆ. ದಿನವೂ ಕಾಲಿಗೆ ಮೈ ಉಜ್ಜುವ ಬೆಕ್ಕು ಮೂಲೆ ಸೇರಿದರೆ ಅದೇ ಅದರ ದೂರು.

ಬೆಕ್ಕಿಗೆ ಹಾಲು, ಮೊಲಕ್ಕೆ ಕ್ಯಾರೆಟ್ಟು?

ಕಾರ್ಟೂನಿನಲ್ಲಿ ಬೆಕ್ಕಿನ ಮುಂದೆ ಹಾಲಿನ ಬಟ್ಟಲು ಇದ್ದೇ ಇರುತ್ತದೆ. ಬೆಕ್ಕು ಹಾಲು ಕುಡಿಯುವುದು ನಿಜ. ಆದರೆ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ತಾಯಿಹಾಲು ಕುಡಿಯುವ ಮರಿಗಳಲ್ಲಿ ಹೇರಳವಾಗಿರುತ್ತದೆ. ಮರಿ ದೊಡ್ಡದಾದಂತೆ ಕಡಿಮೆಯಾಗುತ್ತದೆ. ಹಾಗಾಗಿ ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಸುವಿನ ಹಾಲು ಕುಡಿದರೆ ಭೇದಿಯಾಗುತ್ತದೆ. ಬೆಕ್ಕು ಮಾಂಸಾಹಾರಿ. ಅದಕ್ಕೆ ಅಗತ್ಯವಾದ ಟಾರಿನ್ ಎಂಬ ವಸ್ತು ಇಲಿ, ಮೀನು, ಮಾಂಸದಲ್ಲಿ ದೊರೆಯುತ್ತದೆ. ಹಾಲು–ಅನ್ನದಲ್ಲಿ ಸಾಕಷ್ಟು ಸಿಗುವುದಿಲ್ಲ.

'ಬಗ್ಸ್ ಬನ್ನಿ' ಮೊಲದ ಕೈಯಲ್ಲಿ ಸದಾ ಕ್ಯಾರೆಟ್ಟು. ಆದರೆ ಮೊಲದ ಮುಖ್ಯ ಆಹಾರ ಹುಲ್ಲು. ಅದರ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ನಾರಿನ ಹುಲ್ಲನ್ನು ಅಗಿದು ಅಗಿದು ಅವು ಸವೆಯಬೇಕು. ಕ್ಯಾರೆಟ್ಟಿನಲ್ಲಿ ಸಕ್ಕರೆ ಹೆಚ್ಚು, ನಾರು ಕಡಿಮೆ. ಅದು ನಮಗೆ ಮಿಠಾಯಿ ಇದ್ದ ಹಾಗೆ. ಅಪರೂಪಕ್ಕೊಂದು ತುಂಡು ಸಾಕು. ಇನ್ನೊಂದು ಮಾತು: ಟಿವಿಯಲ್ಲಿ ಜಾದೂಗಾರ ಮಾಡುವಂತೆ ಮೊಲವನ್ನು ಕಿವಿ ಹಿಡಿದು ಎತ್ತಲೇಬಾರದು. ಎದೆಗೂ ಹಿಂಗಾಲಿಗೂ ಕೈ ಕೊಟ್ಟು ಎತ್ತಬೇಕು.

ನಾಯಿ ನಗುತ್ತದೆಯೇ?

ಕಾರ್ಟೂನಿನ ನಾಯಿ ಹಲ್ಲು ಬಿಟ್ಟರೆ ಅದು ನಗು. ನಿಜವಾದ ನಾಯಿ ತುಟಿ ಮೇಲೆತ್ತಿ ಹಲ್ಲು ತೋರಿಸಿದರೆ ಅದು ಎಚ್ಚರಿಕೆ. ಬಾಲ ಅಲ್ಲಾಡಿಸಿದರೆಲ್ಲ ಪ್ರೀತಿಯೆಂದೂ ಅಲ್ಲ. ಮೈ ಸಡಿಲವಾಗಿದ್ದು ಬಾಲ ಅಗಲವಾಗಿ ಬೀಸಿದರೆ ಸಂತೋಷ. ಮೈ ಬಿಗಿಯಾಗಿದ್ದು ಬಾಲ ನೆಟ್ಟಗೆ ಮೇಲೆದ್ದು ಅದುರುತ್ತಿದ್ದರೆ ದೂರವಿರಿ. ಬಾಲವನ್ನು ಕಾಲುಗಳ ನಡುವೆ ಅವಿಸಿಕೊಂಡರೆ ಅದಕ್ಕೆ ಭಯವಾಗಿದೆ. ಹೆದರಿದ ನಾಯಿಯೂ ಕಚ್ಚುತ್ತದೆ.

ಜಾಹೀರಾತುಗಳಲ್ಲಿ ಮಕ್ಕಳು ನಾಯಿಯನ್ನು ಗಟ್ಟಿಯಾಗಿ ತಬ್ಬಿಕೊಳ್ಳುವುದನ್ನು ನೋಡಿರುತ್ತೀರಿ. ಆ ನಾಯಿಗೆ ತರಬೇತಿ ಕೊಟ್ಟಿರುತ್ತಾರೆ. ಕ್ಯಾಮೆರಾದ ಪಕ್ಕದಲ್ಲೇ ಅದರ ಪಾಲಕ ನಿಂತಿರುತ್ತಾನೆ. ಬೀದಿಯ ನಾಯಿಗೆ ಆ ತರಬೇತಿ ಇಲ್ಲ. ತಿನ್ನುತ್ತಿರುವ, ಮಲಗಿರುವ, ಮರಿಗಳ ಜೊತೆ ಇರುವ ನಾಯಿಯ ಹತ್ತಿರ ಹೋಗಬೇಡಿ.

ಇದು ಪ್ರಾಣದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ರೇಬಿಸ್ ಇರಬಹುದೆಂಬ ಶಂಕೆಯುಳ್ಳ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು 40% ಮಂದಿ 15 ವರ್ಷದೊಳಗಿನ ಮಕ್ಕಳು. ರೇಬಿಸ್ ವೈರಸ್ಸು ಗಾಯದಿಂದ ನರಗಳ ಮೂಲಕ ನಿಧಾನವಾಗಿ ಮೆದುಳಿಗೆ ಸಾಗುತ್ತದೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಅತ್ಯಂತ ಅಪರೂಪ. ಆದರೆ ಅದಕ್ಕೆ ಮೊದಲೇ ಲಸಿಕೆ ಪಡೆದರೆ ಜೀವ ಉಳಿಯುತ್ತದೆ. 1885ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ತಮ್ಮ ಲಸಿಕೆ ಕೊಡಿಸಿದರು. ಅವನಿಗಾಗ ಒಂಬತ್ತು ವರ್ಷ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಅವನು ಬದುಕಿದ.

ಆದ್ದರಿಂದ ನಾಯಿ, ಬೆಕ್ಕು, ಕೋತಿ ಯಾವುದೇ ಕಚ್ಚಲಿ, ಪರಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಈ ವೈರಸ್ಸಿಗೆ ಕೊಬ್ಬಿನ ಹೊರಪದರವಿದೆ. ಸೋಪು ಅದನ್ನು ಕರಗಿಸುತ್ತದೆ. ಸುಣ್ಣ, ಖಾರದಪುಡಿ, ಅರಿಶಿನ ಹಚ್ಚಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದನ್ನೂ ತೆಗೆದುಕೊಳ್ಳಿ. ಬೈಯುತ್ತಾರೆಂದು ಹೆದರಿ ಮನೆಯಲ್ಲಿ ಮುಚ್ಚಿಡಬೇಡಿ. ಬೈಗುಳ ಒಂದು ದಿನದ್ದು.

ಟಿವಿ ನೋಡಿ ತಂದ ನಾಯಿ

2003ರಲ್ಲಿ ಹಚ್ ಎಂಬ ಮೊಬೈಲ್ ಕಂಪನಿಯ ಜಾಹೀರಾತು ಮನೆಮಾತಾಯಿತು. ಪುಟ್ಟ ಹುಡುಗ ಹೋದಲ್ಲೆಲ್ಲ ಪಗ್ ಜಾತಿಯ ಪುಟಾಣಿ ನಾಯಿ ಅವನ ಹಿಂದೆಯೇ ನಡೆಯುತ್ತಿತ್ತು. ದೇಶದ ತುಂಬ ಜನ ಅದೇ ಬೇಕೆಂದು ಪಗ್ ಮರಿಗಳನ್ನು ಕೊಂಡುತಂದರು. ಆದರೆ ಪಗ್‌ನ ಮೂಗು ತೀರಾ ಮೋಟು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟಾಗ ಬಾಯಿ, ಮೂಗಿನ ತೇವ ಆರಿ ಮೈ ತಂಪಾಗುತ್ತದೆ. ಉದ್ದ ಮೂತಿಯ ನಮ್ಮ ನಾಟಿ ನಾಯಿಗೆ ಇದು ಸುಲಭ. ಪಗ್‌ಗೆ ಉಸಿರಾಟವೇ ಕಷ್ಟ. ಬೇಸಿಗೆಯಲ್ಲಿ ಪ್ರಾಣಕ್ಕೇ ಸಂಚಕಾರ. ಒಂದು ನಿಮಿಷದ ಜಾಹೀರಾತಿನಲ್ಲಿ ಅದರ ಗೊರಗೊರ ಉಸಿರು ಕೇಳಿಸಲಿಲ್ಲ.

ಇಂಥದ್ದು ಹೊರದೇಶದಲ್ಲೂ ನಡೆದಿದೆ. 1990ರ ಸುಮಾರಿಗೆ ಬ್ರಿಟನ್ನಿನಲ್ಲಿ ಆಮೆಗಳೇ ನಾಯಕರಾಗಿದ್ದ 'ನಿಂಜಾ ಟರ್ಟಲ್ಸ್' ಕಾರ್ಟೂನು ನೋಡಿದ ಮಕ್ಕಳು ಕೆಂಪು ಕಿವಿಯ ಆಮೆಮರಿ ಬೇಕೆಂದು ಹಟ ಹಿಡಿದರು. ಅಂಗೈಯಲ್ಲಿ ಹಿಡಿಸುತ್ತಿದ್ದ ಮರಿಗಳು ಊಟದ ತಟ್ಟೆಯಷ್ಟಾದವು. ನೀರು ನಾರತೊಡಗಿತು. ಎಷ್ಟೋ ಜನ ಅವನ್ನು ಕೆರೆಗಳಿಗೆ ಬಿಟ್ಟರು; ಅಲ್ಲಿನ ಜೀವಿಗಳಿಗೆ ಕಂಟಕವಾಯಿತು. 1997ರಲ್ಲಿ ಯುರೋಪಿನ ಒಕ್ಕೂಟ ಈ ಆಮೆಗಳ ಆಮದನ್ನೇ ನಿಲ್ಲಿಸಿತು. ಇದೇ ಆಮೆ ನಮ್ಮ ದೇಶದ ಅಂಗಡಿಗಳಿಗೂ ಬಂದಿದೆ. ಕಾವೇರಿಗೋ ನಾಲೆಗೋ ಊರ ಕೆರೆಗೋ ಅದನ್ನು ಬಿಟ್ಟರೆ ಏನಾದೀತು, ಯೋಚಿಸಿ.

ಪರದೆಯ ಮೇಲೆ ಪ್ರಾಣಿ ಅರ್ಧ ಗಂಟೆ ಇರುತ್ತದೆ. ಮನೆಯಲ್ಲಿ ನಾಯಿ 10–13 ವರ್ಷ ಬದುಕುತ್ತದೆ. ಅಷ್ಟೂ ದಿನ ಅದಕ್ಕೆ ಊಟ, ನೀರು, ನೆರಳು, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಬೇಕು. ಹಾಲು ಕೊಡುವ ಸೀಮೆಹಸು ದಿನಕ್ಕೆ 50 ಲೀಟರಿಗೂ ಹೆಚ್ಚು ನೀರು ಕುಡಿಯಬಲ್ಲದು. 10 ಕಿಲೋಗೂ ಹೆಚ್ಚು ಸಗಣಿ ಹಾಕುತ್ತದೆ. ಯಾವ ಕಾರ್ಟೂನಿನಲ್ಲಾದರೂ ಸಗಣಿ ಬಾಚುವುದನ್ನು ನೋಡಿದ್ದೀರಾ? ನಿಮ್ಮ ಅವ್ವ ದಿನಾ ಬೆಳಿಗ್ಗೆ ಮಾಡುವ ಆ ಕೆಲಸವೇ ನಿಜವಾದ ಆರೈಕೆ.

ಎಲ್ಲ ಪ್ರಾಣಿಯೂ ಸಾಕುಪ್ರಾಣಿಯಲ್ಲ

ಧಾರಾವಾಹಿಗಳಲ್ಲಿ ಪಂಜರದ ಗಿಳಿ ಮಾತಾಡುವುದು ಚಂದ ಕಾಣುತ್ತದೆ. ಆದರೆ ನಮ್ಮ ಹಸಿರು ಗಿಳಿಯನ್ನಾಗಲಿ ನಕ್ಷತ್ರ ಆಮೆಯನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಡುಪ್ರಾಣಿಯ ಆರೈಕೆ ಎಂದರೆ ಅದರ ತಂಟೆಗೆ ಹೋಗದಿರುವುದು.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಇದಕ್ಕೆ ಒಳ್ಳೆಯ ಉದಾಹರಣೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಅಲ್ಲಿ ಕೊಕ್ಕರೆಗಳ ಮರಿಗೆ ನಾವ್ಯಾರೂ ತುತ್ತು ತಿನ್ನಿಸುವುದಿಲ್ಲ. ದೋಣಿಯಲ್ಲಿ ಕುಳಿತು, ಗಲಾಟೆ ಮಾಡದೆ ನೋಡುತ್ತೇವೆ, ಅಷ್ಟೆ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿದ್ದರೆ ಅದು ನಿಮ್ಮನ್ನು ನುಂಗಲು ಅಲ್ಲ. ಮೈಯ ಶಾಖ ಹೊರಹಾಕಲು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಗಳನ್ನೂ ಹೀಗೆಯೇ ದೂರದಿಂದ ನೋಡಬೇಕು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಬೆಟ್ಟದ ಕೋತಿಗಳಿಗೆ ಬಿಸ್ಕತ್ತು ಹಾಕಬೇಡಿ. ಹಾಕಿ ಹಾಕಿ ರೂಢಿಯಾದ ಕೋತಿ ನಾಳೆ ಕೈಯಿಂದ ಕಿತ್ತುಕೊಳ್ಳುತ್ತದೆ.

ಟಿವಿಯಲ್ಲಿ ಒಳ್ಳೆಯ ವನ್ಯಜೀವಿ ಕಾರ್ಯಕ್ರಮಗಳೂ ಬರುತ್ತವೆ. ಛಾಯಾಗ್ರಾಹಕರು ದಿನಗಟ್ಟಲೆ ಅಡಗಿ ಕುಳಿತು, ದೂರದ ಮಸೂರದಿಂದ ಅವನ್ನು ತೆಗೆದಿರುತ್ತಾರೆ. ಅವರೂ ಮಾಡುವುದು ಅಜ್ಜಿಯ ಕೆಲಸವನ್ನೇ: ಸುಮ್ಮನಿದ್ದು ನೋಡುವುದು.

ಮಾಡಿ ನೋಡಿ

ಈ ವಾರ ನೀವು ನೋಡುವ ಒಂದು ಕಾರ್ಟೂನು ಅಥವಾ ಜಾಹೀರಾತಿನ ಪ್ರಾಣಿಯ ಬಗ್ಗೆ ಈ ಐದು ಪ್ರಶ್ನೆ ಕೇಳಿ ನೋಟ್‌ಪುಸ್ತಕದಲ್ಲಿ ಬರೆಯಿರಿ.

1. ಅದು ಏನು ತಿಂದಿತು? ನಿಜವಾಗಿ ಅದರ ಆಹಾರ ಏನು?
2. ಅದಕ್ಕೆ ನೀರು, ನೆರಳು ಕೊಟ್ಟವರು ಯಾರು?
3. ಪೆಟ್ಟಾದಾಗ ಏನಾಯಿತು? ನಿಜವಾಗಿ ಏನಾಗುತ್ತಿತ್ತು?
4. ಅದರ ಗಲೀಜು ಬಾಚಿದವರು ಯಾರು?
5. ಅದು ಮಾತಾಡದಿದ್ದರೆ ಅದರ ಕಷ್ಟ ನಿಮಗೆ ಹೇಗೆ ತಿಳಿಯುತ್ತಿತ್ತು?

ಆಮೇಲೆ ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಒಂದು ಪ್ರಾಣಿಯನ್ನು ಏಳು ದಿನ ಗಮನಿಸಿ. ಎಷ್ಟು ತಿಂದಿತು, ಎಷ್ಟು ಹೊತ್ತು ಮಲಗಿತ್ತು, ಸಗಣಿ ಅಥವಾ ಹಿಕ್ಕೆ ಹೇಗಿತ್ತು, ಬರೆದಿಡಿ. ಏಳನೆಯ ದಿನ ತರಗತಿಯಲ್ಲಿ ಓದಿ ಹೇಳಿ. ಪ್ರಾಣಿ ಎಂದಿನಂತಿಲ್ಲ ಎನಿಸಿದರೆ ಮನೆಯ ಹಿರಿಯರಿಗೆ ತಿಳಿಸಿ. ಅವರು ಪಶು ಆಸ್ಪತ್ರೆಗೆ ಹೇಳಿಕಳಿಸಬಹುದು ಅಥವಾ 1962 ಸಂಖ್ಯೆಗೆ ಫೋನ್ ಮಾಡಬಹುದು.

ಅಂದಹಾಗೆ, ಮುಂದಿನ ಸಲ ಟಿವಿ ನೋಡುವಾಗ ಅಜ್ಜಿ ಕೊಟ್ಟಿಗೆಯಿಂದ ಕೂಗಿದರೆ ಎದ್ದು ಹೋಗಿ. ಟಾಮ್ ಬೆಕ್ಕು ಹೇಗೂ ಎದ್ದು ಓಡುತ್ತದೆ. ಗೌರಿಗೆ ಮಾತ್ರ ನೀವೇ ಬೇಕು.