ಎಂಜಿನ್ನಿನ ಎಣ್ಣೆ: ಯಾವುದು, ಎಷ್ಟು ದಿನಕ್ಕೊಮ್ಮೆ?

ಮನೆಗೊಂದು ಸ್ಕೂಟರೋ ಮೋಟಾರ್ ಸೈಕಲ್ಲೋ ಇರುವುದು ಈಗ ಪಟ್ಟಣಗಳಲ್ಲಿ ಸಾಮಾನ್ಯ. ಅದಕ್ಕೆ ಪೆಟ್ರೋಲು ಹಾಕಿಸುವುದನ್ನು ಮರೆತರೆ ವಾಹನವೇ ದಾರಿಯಲ್ಲಿ ನಿಂತು ನೆನಪು ಮಾಡಿಕೊಡುತ್ತದೆ. ಎಣ್ಣೆಯ ಮಾತು ಹಾಗಲ್ಲ. ಅದು ಕಡಮೆಯಾದರೂ, ಕೆಟ್ಟರೂ ಎಂಜಿನ್ನು ಎಷ್ಟೋ ದಿನ ಸುಮ್ಮನೆ ಓಡುತ್ತಲೇ ಇರುತ್ತದೆ. ಕಡೆಗೊಂದು ದಿನ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಂತಾಗ, ಒಂದು ಡಬ್ಬಿ ಎಣ್ಣೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಅದರ ಅನೇಕ ಪಟ್ಟು ಖರ್ಚಿಗೆ ಎಳೆಯುತ್ತದೆ. ಆದಕಾರಣ ಯಾವ ಎಣ್ಣೆ ಹಾಕಬೇಕು, ಯಾವಾಗ ಬದಲಾಯಿಸಬೇಕು ಎಂಬೆರಡು ಪ್ರಶ್ನೆಗಳನ್ನು ಪೂರ್ತಿಯಾಗಿ ಮೆಕ್ಯಾನಿಕ್ಕಿಗೆ ಬಿಟ್ಟುಬಿಡುವುದು ಜಾಣತನವಲ್ಲ.

ಹಿಂದಿನ ಎರಡು ಸ್ಟ್ರೋಕಿನ ಸ್ಕೂಟರುಗಳನ್ನು ಓಡಿಸಿದವರಿಗೆ ಈ ಚಿಂತೆ ಇರಲಿಲ್ಲ. ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸಿ ಹಾಕುತ್ತಿದ್ದರು. ಅದು ತನ್ನ ಕೆಲಸ ಮುಗಿಸಿ, ಪೆಟ್ರೋಲಿನೊಡನೆ ಉರಿದು, ನೀಲಿ ಹೊಗೆಯಾಗಿ ಹೊರಟುಹೋಗುತ್ತಿತ್ತು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಣ್ಣೆ ತಳದಲ್ಲಿ ನಿಂತಿರುತ್ತದೆ. ಪಂಪು ಅದನ್ನೇ ಮತ್ತೆ ಮತ್ತೆ ಮೇಲಕ್ಕೆ ಎತ್ತಿ ಸುತ್ತಿಸುತ್ತದೆ. ಲೋಹಗಳ ನಡುವೆ ತೆಳುವಾದ ಪೊರೆಯಾಗಿ ನಿಂತು ಸವೆತ ತಪ್ಪಿಸುವುದು, ಪಿಸ್ಟನ್ನಿನ ಶಾಖವನ್ನು ಒಯ್ಯುವುದು, ಮಸಿಯನ್ನು ತೊಳೆದು ತನ್ನಲ್ಲೇ ಇಟ್ಟುಕೊಳ್ಳುವುದು, ತುಕ್ಕು ಹಿಡಿಯದಂತೆ ಕಾಯುವುದು ಎಲ್ಲವೂ ಅದರದೇ ಹೊಣೆ. ಸಾಧಾರಣವಾದ ಸ್ಕೂಟರಿನಲ್ಲಿ ಇಷ್ಟೆಲ್ಲವನ್ನೂ ಮಾಡುವ ಎಣ್ಣೆ ಒಂದು ಲೀಟರಿಗೂ ಕಡಮೆ.

ಎಣ್ಣೆಯ ಮುಖ್ಯ ಗುಣ ಅದು ಎಷ್ಟು ಮಂದ, ಎಷ್ಟು ತೆಳು ಎಂಬುದು. ಜೋನಿಬೆಲ್ಲವನ್ನು ಬೆಳಗಿನ ಚಳಿಯಲ್ಲಿ ಬಗ್ಗಿಸಿ ನೋಡಿದವರು, ಅದನ್ನೇ ಒಲೆಯ ಪಕ್ಕದಲ್ಲಿಟ್ಟು ಬಗ್ಗಿಸಿದವರು ವ್ಯತ್ಯಾಸವನ್ನು ಬಲ್ಲರು. ಎಂಜಿನ್ ಎಣ್ಣೆಯೂ ಹಾಗೆಯೇ ಬಿಸಿಗೆ ತೆಳುವಾಗುತ್ತದೆ. ಹಿಂದೆ ನಮ್ಮ ಹರಳೆಣ್ಣೆಯೂ ಎಂಜಿನ್ನುಗಳಿಗೆ ಬೀಳುತ್ತಿತ್ತು. ಮೊದಲ ಮಹಾಯುದ್ಧದ ಅನೇಕ ವಿಮಾನಗಳು ಅದರಿಂದಲೇ ಹಾರಿದವು. 1909ರಲ್ಲಿ ಹುಟ್ಟಿದ ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಆದರೆ ಅದು ಬಲುಬೇಗ ಅಂಟಾಗಿ ಗಡುಸಾಗುವುದರಿಂದ ನಮ್ಮ ವಾಹನಗಳಿಗೆ ಸಲ್ಲದು.

ಡಬ್ಬಿಯ ಮೇಲೆ 20 ಡಬ್ಲ್ಯು 40, 10 ಡಬ್ಲ್ಯು 30 ಎಂದು ಅಚ್ಚಾಗಿರುತ್ತದೆ. ಇವು ಉಷ್ಣತೆಯ ಡಿಗ್ರಿಗಳೆಂದು ತಿಳಿದವರುಂಟು, ಅಲ್ಲ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ 1911ರಲ್ಲಿ ಆರಂಭಿಸಿ, ಮುಂದೆ ತಿದ್ದುತ್ತ ಬಂದ ದರ್ಜೆಗಳಿವು. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎಂಬುದನ್ನೂ, ಮುಂದಿನ ಅಂಕಿ 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನೂ ತಿಳಿಸುತ್ತವೆ. ಅಂಕಿ ದೊಡ್ಡದಾದಷ್ಟೂ ಎಣ್ಣೆ ಮಂದ.

ಇಲ್ಲಿಯೇ ಒಂದು ದೊಡ್ಡ ತಪ್ಪುಗ್ರಹಿಕೆ ಇದೆ. “ನಮ್ಮದು ರಾಯಚೂರು ಕಡೆಯ ಬಿಸಿಲು ಸ್ವಾಮಿ, ಮಂದ ಎಣ್ಣೆಯೇ ಬೇಕು” ಎನ್ನುವವರು ಬಹಳ. ಆದರೆ ನೀರಿನಿಂದ ತಂಪಾಗುವ ಎಂಜಿನ್ನು ಹೊರಗಡೆ ಬಿಸಿಲಿರಲಿ, ಮಡಿಕೇರಿಯ ಮಂಜಿರಲಿ, ಬಿಸಿಯೇರಿದ ಮೇಲೆ ಸುಮಾರು 90 ಡಿಗ್ರಿಯಲ್ಲಿ ಓಡುವಂತೆ ಅದರ ಥರ್ಮೋಸ್ಟಾಟು ನೋಡಿಕೊಳ್ಳುತ್ತದೆ. ಗಾಳಿಯಿಂದ ತಂಪಾಗುವ ಸಣ್ಣ ಎಂಜಿನ್ನುಗಳಿಗೆ ಬಿಸಿಲಿನ ತಾಪ ಕೊಂಚ ಹೆಚ್ಚು ತಟ್ಟುವುದು ನಿಜ. ತಯಾರಕರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ದರ್ಜೆ ಹೇಳಿರುತ್ತಾರೆ. ಇನ್ನೊಂದು ಕಡೆ, ನಮ್ಮ ಸೆಕೆಯ ದಿನವೂ ಎಣ್ಣೆಯ ಪಾಲಿಗೆ ತಂಪೇ. 40 ಡಿಗ್ರಿಯಲ್ಲಿ ಅದು 100 ಡಿಗ್ರಿಯಲ್ಲಿರುವುದಕ್ಕಿಂತ ಸುಮಾರು ಆರರಿಂದ ಎಂಟು ಪಟ್ಟು ಮಂದ. ಮುಂಜಾನೆ ಚಾಲೂ ಮಾಡಿದೊಡನೆ ಎಣ್ಣೆ ಮೇಲಿನ ಭಾಗಗಳಿಗೆ ತಡವಾಗಿ ಏರಿದರೆ ಆ ಹೊತ್ತಿನಲ್ಲಿಯೇ ಸವೆತ ಹೆಚ್ಚು. ತೆಳು ಎಣ್ಣೆಗೆಂದೇ ಬಿಗಿಯಾಗಿ ಅಳತೆ ಮಾಡಿ ಮಾಡಿರುವ ಹೊಸ ಎಂಜಿನ್ನಿಗೆ ಮಂದ ಎಣ್ಣೆ ತುಂಬುವುದರಿಂದ ಮೈಲೇಜೂ ಇಳಿಯುತ್ತದೆ. ವಾಹನದ ಕೈಪಿಡಿಯಲ್ಲಿ 10 ಡಬ್ಲ್ಯು 30 ಎಂದಿದ್ದರೆ ಅದನ್ನೇ ಹಾಕಬೇಕು; 20 ಡಬ್ಲ್ಯು 40 ಎಂದಿರುವ ಹಳೆಯ ವಾಹನಕ್ಕೆ ಅದೇ ಸರಿ.

ಮೋಟಾರ್ ಸೈಕಲ್ಲಿನವರು ಇನ್ನೊಂದನ್ನು ಗಮನಿಸಬೇಕು. ಗೇರಿನ ಮೋಟಾರ್ ಸೈಕಲ್ಲುಗಳಲ್ಲಿ ಬಹುಮಟ್ಟಿಗೆ ಎಂಜಿನ್ನು, ಗೇರುಪೆಟ್ಟಿಗೆ, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಎಣ್ಣೆಗಳಲ್ಲಿ ಕೆಲವಕ್ಕೆ, ಪೆಟ್ರೋಲು ಉಳಿಸಲೆಂದು, ಜಾರಿಕೆಯನ್ನು ಹೆಚ್ಚಿಸುವ ದ್ರವ್ಯಗಳನ್ನು ಬೆರೆಸಿರುತ್ತಾರೆ. ಕಾರಿಗೆ ಅದು ಒಳ್ಳೆಯದು. ಮೋಟಾರ್ ಸೈಕಲ್ಲಿನ ಕ್ಲಚ್ಚು ಅದರಲ್ಲಿ ನೆನೆದರೆ ಹಿಡಿತ ತಪ್ಪಿ ಜಾರುತ್ತದೆ. ಎಂಜಿನ್ನು ಕೂಗುತ್ತದೆ, ಗಾಡಿ ಏರು ಹತ್ತುವುದಿಲ್ಲ. ಇದನ್ನು ತಪ್ಪಿಸಲೆಂದೇ 1998ರಲ್ಲಿ ಜಪಾನಿನ ಜಾಸೋ ಎಂಬ ಮಾನಕ ಬಂದಿತು. ಡಬ್ಬಿಯ ಮೇಲೆ ‘ಜಾಸೋ ಎಂಎ’ ಎಂದಿದ್ದರೆ ಕ್ಲಚ್ಚು ನೆನೆಯುವ ಮೋಟಾರ್ ಸೈಕಲ್ಲಿಗೆ. ‘ಎಂಬಿ’ ಎಂದಿದ್ದರೆ ಕ್ಲಚ್ಚು ಒಣಗಿರುವ ಗೇರಿಲ್ಲದ ಸ್ಕೂಟರಿಗೆ. ಮನೆಯಲ್ಲಿ ಕಾರಿಗೆ ತಂದು ಉಳಿದ ಅರ್ಧ ಡಬ್ಬಿಯನ್ನು ಮಗನ ಮೋಟಾರ್ ಸೈಕಲ್ಲಿಗೆ ಸುರಿಯುವ ಮಿತವ್ಯಯ ಬೇಡ.

ಎಸ್‌ಎಲ್, ಎಸ್‌ಎನ್ ಎಂಬ ಅಕ್ಷರಗಳು ಎಣ್ಣೆಯ ತಲೆಮಾರನ್ನು ತಿಳಿಸುತ್ತವೆ. ಎರಡನೆಯ ಅಕ್ಷರ ಮುಂದು ಮುಂದಕ್ಕೆ ಹೋದಷ್ಟೂ ಎಣ್ಣೆ ಹೊಸ ಮಾನಕದ್ದು. ಎಸ್‌ಪಿ ಎಂಬುದು 2020ರದು. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿದ್ದರೆ, ಕಡಮೆ ಬೂದಿಯ ಎಣ್ಣೆಯೇ ಬೇಕು. ಬೇರೆಯದು ಬಿದ್ದರೆ ಆ ದುಬಾರಿ ಶೋಧಕ ಕಟ್ಟಿಕೊಳ್ಳುತ್ತದೆ. ಸಿಂಥೆಟಿಕ್ ಎಣ್ಣೆ ಶಾಖವನ್ನು ಹೆಚ್ಚು ತಾಳುತ್ತದೆಂಬುದು ನಿಜ. ಆದರೂ ದುಬಾರಿ ಸಿಂಥೆಟಿಕ್ ಹಾಕಿಸಿ ಎರಡು ವರ್ಷ ಮರೆಯುವವನಿಗಿಂತ, ಕೈಪಿಡಿ ಒಪ್ಪುವ ಸಾಧಾರಣ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸುವವನ ಎಂಜಿನ್ನೇ ಬಾಳುತ್ತದೆಂದು ನನ್ನ ಎಣಿಕೆ. ಎಣ್ಣೆಗೆ ಬೆರೆಸಲು ಅಂಗಡಿಯವರು ಕೊಡುವ ‘ಟಾನಿಕ್’ ಸೀಸೆಗಳ ಅಗತ್ಯವಿಲ್ಲ.

ಇನ್ನು ಯಾವಾಗ ಬದಲಾಯಿಸಬೇಕು? ಎಣ್ಣೆ ಕಪ್ಪಾದರೆ ಕೆಟ್ಟಿತೆಂದು ಹೇಳುವುದು ವಾಡಿಕೆ. ಬಣ್ಣವನ್ನು ನಂಬಬಾರದು. ಮಸಿಯನ್ನು ತೊಳೆದು ಹಿಡಿದಿಟ್ಟುಕೊಳ್ಳುವುದು ಎಣ್ಣೆಯ ಕೆಲಸವೇ ಆದುದರಿಂದ ಅದು ಕಪ್ಪಾಗಲೇಬೇಕು. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪು. ಎಣ್ಣೆ ಕೆಡುವುದು ಶಾಖಕ್ಕೆ ಸಿಕ್ಕಿ ಹುಳಿಯಾಗುವುದರಿಂದ, ಅದರಲ್ಲಿ ಬೆರೆಸಿದ ರಕ್ಷಕ ದ್ರವ್ಯಗಳು ತೀರುವುದರಿಂದ, ಪೆಟ್ರೋಲು ಮತ್ತು ನೀರು ಸೇರುವುದರಿಂದ. ನೀರೆಲ್ಲಿಂದ ಬಂತು ಎನ್ನುವಿರಾ? ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಬಹುಭಾಗ ಹೊಗೆಯೊಡನೆ ಹೊರಗೆ ಹೋದರೂ ಕೊಂಚ ಪಿಸ್ಟನ್ನಿನ ಪಕ್ಕದಿಂದ ಕೆಳಗೆ ನುಸುಳುತ್ತದೆ. ಎಂಜಿನ್ನು ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋಗುತ್ತದೆ. ಕಾಯದಿದ್ದರೆ ಎಣ್ಣೆಯಲ್ಲೇ ಉಳಿದು, ಮುಚ್ಚಳದ ಒಳಗಡೆ ಮಜ್ಜಿಗೆಯಂಥ ಬಿಳಿಯ ಲೇಪವಾಗಿ ಕಾಣುತ್ತದೆ.

ಆದಕಾರಣ, ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ದಿನಕ್ಕೆ ಎರಡೇ ಕಿಲೋಮೀಟರು ಓಡುವ ಸ್ಕೂಟರಿನ ಎಣ್ಣೆಗೆ, ಹೆದ್ದಾರಿಯಲ್ಲಿ ಒಂದೇ ಓಟಕ್ಕೆ ನೂರು ಕಿಲೋಮೀಟರು ಹೋಗುವ ಕಾರಿನ ಎಣ್ಣೆಗಿಂತ ಕಷ್ಟ ಹೆಚ್ಚು. “ನಮ್ಮ ಗಾಡಿ ಓಡಿಯೇ ಇಲ್ಲವಲ್ಲ” ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಕೈಪಿಡಿಗಳು ಇಷ್ಟು ಕಿಲೋಮೀಟರು ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆಯುವುದು ಇದಕ್ಕೇ. ಅನೇಕ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ. ಸಣ್ಣ ದ್ವಿಚಕ್ರಗಳಿಗೆ ಸಾಮಾನ್ಯವಾಗಿ 3,000ದಿಂದ 6,000. ಎಣ್ಣೆಯ ಪ್ರಮಾಣ ಕಡಮೆಯಾಗಿರುವುದೂ, ಗೇರಿನ ಹಲ್ಲುಗಳು ಅದನ್ನು ಅರೆದು ತೆಳುವಾಗಿಸುವುದೂ ಮೋಟಾರ್ ಸೈಕಲ್ಲಿನ ಅವಧಿ ಚಿಕ್ಕದಾಗಲು ಕಾರಣ. ಹೊಸ ವಾಹನದ ಮೊದಲ ಬದಲಾವಣೆಯನ್ನು ಮಾತ್ರ ಎಂದೂ ಮುಂದೂಡಬಾರದು. ಹೊಸ ಲೋಹದ ಪುಡಿ ಅದರಲ್ಲಿರುತ್ತದೆ.

ಎರಡು ಬದಲಾವಣೆಗಳ ನಡುವೆ ಮಟ್ಟ ನೋಡುವ ಅಭ್ಯಾಸವಿರಲಿ. ಸಣ್ಣ ಸ್ಕೂಟರುಗಳಲ್ಲಿ ಎಣ್ಣೆ ತಗ್ಗಿತೆಂದು ಎಚ್ಚರಿಸುವ ದೀಪ ಇರುವುದು ಅಪರೂಪ. ಗಾಡಿಯನ್ನು ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಆರಿಸಿ, ಎರಡು ಮೂರು ನಿಮಿಷ ಬಿಟ್ಟು, ಅಳತೆಕಡ್ಡಿಯನ್ನು ಒರೆಸಿ ಇಳಿಬಿಟ್ಟು ನೋಡಬೇಕು. ಕಡ್ಡಿಯನ್ನು ತಿರುಪಿ ಬಿಗಿಯಬೇಕೋ ಸುಮ್ಮನೆ ಇಳಿಬಿಡಬೇಕೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಮೇಲಿನ ಗೆರೆ ಮೀರಿ ತುಂಬುವುದೂ ಕೆಟ್ಟದ್ದೇ: ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಮಾಡುತ್ತವೆ.

ಎಣ್ಣೆಯನ್ನು ಮೊಹರು ಒಡೆಯದ ಡಬ್ಬಿಯಲ್ಲೇ ಕೊಂಡು, ನಿಮ್ಮ ಕಣ್ಣೆದುರಿಗೇ ತೆರೆಸಿ. ಖಾಲಿ ಡಬ್ಬಿಗೆ ಕಳಪೆ ಎಣ್ಣೆ ತುಂಬಿ ಮಾರುವ ದಂಧೆಯೂ ಇರುವುದರಿಂದ ಅದನ್ನು ತೂತು ಮಾಡಿಸಿ ಬರುವುದು ಮೇಲು. ಇಳಿಸಿದ ಹಳೆಯ ಎಣ್ಣೆಯನ್ನು ಗೆದ್ದಲಿಗೆಂದು ಬಾಗಿಲಿಗೆ ಹಚ್ಚುವುದಾಗಲಿ ಚರಂಡಿಗೆ ಸುರಿಯುವುದಾಗಲಿ ಕೂಡದು. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮನೆಯಲ್ಲೇ ಬದಲಾಯಿಸಿಕೊಳ್ಳುವವರು ಅದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಮರುಶೋಧನೆಗೆ ಕಳುಹಿಸುವ ಸರ್ವೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು.