ಟೆರೇಸ್ ಮೇಲಿನ ವಾಲ್ವ್‌ಗೆ ಒಂದು ಮೋಟಾರ್

ಬೆಂಗಳೂರಲ್ಲಿ ಸೋಲಾರ್ ವಾಟರ್ ಹೀಟರ್ ಇರೋ ಮನೆಗಳಿಗೆ ಜುಲೈ ತಿಂಗಳು ಅಂದ್ರೆ ತಲೆನೋವು. ಮೋಡ ಮುಚ್ಚಿದ ದಿನ ಟ್ಯಾಂಕಿನ ನೀರು ಉಗುರುಬೆಚ್ಚಗೇ ಉಳಿಯುತ್ತೆ. ಹನುಮಂತನಗರದ ನಮ್ಮ ಮನೇಲಿ ಸೋಲಾರ್ ಲೈನ್ ಮತ್ತು ಗೀಸರ್ ಲೈನ್ ಒಂದೇ ನಲ್ಲಿಗೆ ಸೇರುತ್ತವೆ. ಗೀಸರ್ ಹಾಕಿದಾಗ ಸೋಲಾರ್ ವಾಲ್ವ್ ಮುಚ್ಚದಿದ್ರೆ ಎರಡೂ ನೀರು ಬೆರೆತು ಸ್ನಾನ ತಣ್ಣಗಾಗುತ್ತೆ. ಆ ವಾಲ್ವ್ ಇರೋದು ಮೂರನೇ ಮಹಡಿಯ ಮೇಲೆ. ಕಳೆದ ಮಳೆಗಾಲ ಅದನ್ನು ಮುಚ್ಚೋಕೆ ಹೋದ ಅಜ್ಜಿ ಒದ್ದೆ ಮೆಟ್ಟಿಲಲ್ಲಿ ಜಾರಿದರು. ಅವತ್ತೇ ಇದಕ್ಕೊಂದು ಮೋಟಾರ್ ಹಾಕಬೇಕು ಅಂತ ನಿರ್ಧರಿಸಿದೆ.

ಬಾಲ್ ವಾಲ್ವ್ ತೆರೆಯೋಕೆ, ಮುಚ್ಚೋಕೆ 90 ಡಿಗ್ರಿ ತಿರುಗಿಸಿದರೆ ಸಾಕು. ಸರ್ವೋ ಮೋಟಾರ್ ಸಾಕಾಗುತ್ತೆ ಅಂದ್ಕೊಂಡೆ. ಎಂಜಿ996ಆರ್ ಹಾಕಿದೆ, ಗುಂಯ್ ಅಂತ ಸದ್ದು ಮಾಡ್ತು, ಅಲ್ಲಾಡಲಿಲ್ಲ. ಆಮೇಲೆ ಲೆಕ್ಕ ಮಾಡಿದೆ (ಮೊದಲೇ ಮಾಡಬೇಕಿತ್ತು!). ಹಿಡಿಕೆಗೆ, ನಡುವಿನಿಂದ 10 ಸೆಂ.ಮೀ. ದೂರದಲ್ಲಿ, ಲಗೇಜ್ ತೂಗೋ ಸ್ಕೇಲ್ ಕಟ್ಟಿ ಎಳೆದೆ. 2.5 ಕೆ.ಜಿ.ಗೆ ಅಲುಗಾಡಿತು. ಅಂದ್ರೆ ಸುಮಾರು 2.5 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಆ ಸರ್ವೋ ಕೊಡೋದು ಹೆಚ್ಚೆಂದರೆ 1ರ ಆಸುಪಾಸು. ಉಪ್ಪು ಕಟ್ಟಿದ ಹಳೇ ವಾಲ್ವ್‌ಗೆ ಇನ್ನೂ ಜಾಸ್ತಿ ಬೇಕಾಗಬಹುದು.

ಎಸ್.ಪಿ. ರೋಡಿನಿಂದ 12 ವೋಲ್ಟಿನ, 10 ಆರ್‌ಪಿಎಂ ಗೇರ್ ಮೋಟಾರ್ ತಂದೆ. ಗೇರ್‌ನಿಂದ ವೇಗ ಕಮ್ಮಿಯಾಗುತ್ತೆ, ಟಾರ್ಕ್ ಹೆಚ್ಚಾಗುತ್ತೆ. ಕಾಲು ಸುತ್ತಿಗೆ ಒಂದೂವರೆ ಸೆಕೆಂಡ್. ಎರಡೂ ತುದಿಗೆ ಲಿಮಿಟ್ ಸ್ವಿಚ್, ಮಧ್ಯೆ ಒಂದು ಇಎಸ್‌ಪಿ32. ಐದು ಸೆಕೆಂಡಲ್ಲಿ ಸ್ವಿಚ್ ಒತ್ತದಿದ್ದರೆ ಮೋಟಾರ್ ಆಫ್ ಆಗಲೇಬೇಕು, ಇಲ್ಲಾಂದ್ರೆ ಸಿಕ್ಕಿಕೊಂಡಾಗ ಸುಟ್ಟುಹೋಗುತ್ತೆ. ಕರೆಂಟ್ ಹೋದ್ರೂ ವಾಲ್ವ್ ಇದ್ದಲ್ಲೇ ಇರುತ್ತೆ. ಪಿನ್ ತೆಗೆದರೆ ಕೈಯಲ್ಲೂ ತಿರುಗಿಸಬಹುದು.

ನಿಜವಾದ ಪಾಠ ಕಲಿಸಿದ್ದು ಸೆನ್ಸರ್. ಡಿಎಸ್18ಬಿ20ಯನ್ನು ವಾಲ್ವ್ ಪಕ್ಕದ ಪೈಪಿಗೆ ಸುತ್ತಿದ್ದೆ. ರಾತ್ರಿ ಪೈಪಲ್ಲಿ ನಿಂತ ನೀರು ತಣ್ಣಗಾಯ್ತು, ವಾಲ್ವ್ ಮುಚ್ಚಿಕೊಂಡಿತು. ಮುಚ್ಚಿದ ಮೇಲೆ ನೀರೇ ಹರಿಯಲ್ಲ, ಪೈಪ್ ಬಿಸಿಯಾಗೋದು ಹೇಗೆ? ಟ್ಯಾಂಕಲ್ಲಿ ಕುದಿಯೋ ಹಾಗೆ ಬಿಸಿನೀರಿದ್ರೂ ನಾವು ಗೀಸರ್ ಹಾಕಿಕೊಂಡ್ವಿ! ಈಗ ಸೆನ್ಸರ್ ಟ್ಯಾಂಕಿನ ಬಾಯಿಯ ಹತ್ತಿರ, ಇನ್ಸುಲೇಷನ್ ಒಳಗಿದೆ. 38 ಡಿಗ್ರಿಗಿಂತ ಇಳಿದರೆ ಮುಚ್ಚುತ್ತೆ, 43 ದಾಟಿದರೆ ತೆರೆಯುತ್ತೆ. ಆ ಐದು ಡಿಗ್ರಿ ಅಂತರ ಇಲ್ಲದಿದ್ರೆ ವಾಲ್ವ್ ದಿನವಿಡೀ ತೆರೆದು ಮುಚ್ಚಿ ಆಡುತ್ತಿರುತ್ತೆ.

ನೀವೂ ಮಾಡೋದಾದ್ರೆ ಒಂದು ಮಾತು: ಟ್ಯಾಂಕಿನ ಏರ್ ವೆಂಟ್ ಪೈಪಿಗೂ, ಗೀಸರಿನ ಸೇಫ್ಟಿ ವಾಲ್ವ್‌ಗೂ ಕೈ ಹಚ್ಚಬೇಡಿ. ಒತ್ತಡ ಹೊರಗೆ ಹೋಗೋ ದಾರಿ ಅವು.

ಅಡುಗೆಮನೇಲಿ ಒಂದು ಕೆಂಪು ಎಲ್‌ಇಡಿ ಇದೆ. ಅದು ಉರಿದರೆ ವಾಲ್ವ್ ಮುಚ್ಚಿದೆ, ಗೀಸರ್ ಹಾಕಬೇಕು ಅಂತ ಅರ್ಥ. ಅಜ್ಜಿ ಈಗ ಕಾಫಿ ಕಾಸುತ್ತಾ ಅದನ್ನೇ ನೋಡ್ತಾರೆ. ಮೆಟ್ಟಿಲು ಹತ್ತಲ್ಲ.